'ಸೆಟ್' ಪದದ ಒರೆಗಲ್ಲಿನಲ್ಲಿ ಆಕ್ಸ್‌ಫರ್ಡ್ ದೊಡ್ಡ ನಿಘಂಟು

ನಿಘಂಟಿನ ತಾಕತ್ತು ತಿಳಿಯಲು ಅಪರೂಪದ ಪದ ಬೇಡ, 'ಸೆಟ್' ಸಾಕು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೆಯ ಆವೃತ್ತಿಯ 20 ಸಂಪುಟಗಳಲ್ಲಿ ಅತಿ ಉದ್ದದ ನಮೂದು ಈ ಕ್ರಿಯಾಪದದ್ದೇ: 430ಕ್ಕೂ ಹೆಚ್ಚು ಅರ್ಥ, ಸುಮಾರು 60,000 ಪದಗಳ ವಿವರಣೆ. (ಪರಿಷ್ಕರಣೆಯಲ್ಲಿ 645 ಅರ್ಥಗಳೊಂದಿಗೆ 'ರನ್' ಇದನ್ನು ಹಿಂದಿಕ್ಕಿತು.)

ಪದಮೂಲದ ವಿಷಯದಲ್ಲಿ ಈ ನಿಘಂಟಿನ ಆನ್‌ಲೈನ್ ಆವೃತ್ತಿಗೆ ಸಾಟಿಯಿಲ್ಲ. ಇಡು, ನೆಲೆಗೊಳಿಸು ಎಂಬ ಅರ್ಥದ ಕ್ರಿಯಾಪದ ಹಳೆಯ ಇಂಗ್ಲಿಷಿನ 'ಸೆಟ್ಟನ್'ನಿಂದ ಬಂದದ್ದು. ಕೂರು–ಕೂರಿಸು ಇದ್ದ ಹಾಗೆ ಅದು 'ಸಿಟ್'ನ ಪ್ರೇರಣಾರ್ಥಕ. ಗುಂಪು, ಜೋಡಣೆ ಎಂಬ ಅರ್ಥದ ನಾಮಪದದ ಜಾಡು ಬೇರೆ: ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಸೆಕ್ಟ'ಕ್ಕೆ ಹೋಗುತ್ತದೆ. ಕ್ರಿಯಾಪದದ ನೆರಳೂ ಆಮೇಲೆ ಅದರ ಮೇಲೆ ಬಿದ್ದಿದೆ. ಆದ್ದರಿಂದ ಹುಡುಕಿದ ಕೂಡಲೇ ನಾಮಪದವೋ ಕ್ರಿಯಾಪದವೋ ಆರಿಸಿಕೊಳ್ಳಿ. ಇಲ್ಲವಾದರೆ ಬೇರೆ ಪದದ ವಂಶಾವಳಿ ಓದಿದಂತಾಗುತ್ತದೆ.

ಹೊಸಬರು ಎಡವುವುದು ಅರ್ಥಗಳ ಸಾಲಿನಲ್ಲಿ. ಇಲ್ಲಿ ಹಳೆಯ ಅರ್ಥ ಮೊದಲು. ಮೊದಲಿಗಿದೆ ಎಂದು ಬಳಸಿದರೆ ವಾಕ್ಯ ಕೆಟ್ಟೀತು. ಕಠಾರಿ ಚಿಹ್ನೆ (†) ಇದ್ದರೆ ಆ ಅರ್ಥ ಬಳಕೆ ತಪ್ಪಿದೆ. ಉದಾಹರಣೆಯ ಇಸವಿಯ ಹಿಂದೆ 'ಎ' ಅಕ್ಷರವಿದ್ದರೆ 'ಅದಕ್ಕೂ ಮೊದಲು', 'ಸಿ' ಇದ್ದರೆ 'ಸುಮಾರು'. ಆ ಇಸವಿ ಪದ ಹುಟ್ಟಿದ ವರ್ಷವೂ ಅಲ್ಲ. ಸಿಕ್ಕಿರುವ ಮೊದಲ ಬರಹದ ದಾಖಲೆ ಅಷ್ಟೆ. ಇದನ್ನು ಮರೆತು 'ಇಂಥ ವರ್ಷ ಹುಟ್ಟಿದ ಪದ' ಎಂದು ಬರೆಯುವವರು ಬೇಕಾದಷ್ಟು ಜನ.

ನುಡಿಗಟ್ಟುಗಳಿಗೆ ಮಾತ್ರ ಇದು ಸುತ್ತು ದಾರಿ. 'ಸೆಟ್ ಆಫ್' ಎಂದರೆ ಹೊರಡುವುದೂ ಹೌದು, ಸಿಡಿಮದ್ದು ಸಿಡಿಸುವುದೂ ಹೌದು. ಮೊದಲನೆಯದಕ್ಕೆ ಕರ್ಮಪದ ಬೇಡ, ಎರಡನೆಯದಕ್ಕೆ ಬೇಕೇ ಬೇಕು. 'ಸೆಟ್ ಇನ್' (ಶುರುವಾಗಿ ಬೇರೂರುವುದು) ಹೆಚ್ಚಾಗಿ ಚಳಿ, ಕೊಳೆತ, ಸೋಂಕುಗಳಂಥ ಒಲ್ಲದ ಸಂಗತಿಗಳಿಗೇ ಮೀಸಲು. ಸಂತೋಷದ ಜೊತೆ ಕೂರುವುದಿಲ್ಲ. ಇಂಥದ್ದಕ್ಕೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ತೆರೆಯಿರಿ, ಕೆಲಸ ಬೇಗ ಮುಗಿಯುತ್ತದೆ.

ಆನ್‌ಲೈನ್ ಆವೃತ್ತಿಗೆ ಚಂದಾ ಕಟ್ಟಬೇಕೇ? ಅನುವಾದಕರಿಗೆ, ಸಂಶೋಧಕರಿಗೆ ಸಾರ್ಥಕ. ಅದಕ್ಕೂ ಮುನ್ನ ನಿಮ್ಮ ಗ್ರಂಥಾಲಯದ ಸದಸ್ಯತ್ವದಲ್ಲೇ ಪ್ರವೇಶ ಸಿಗುತ್ತದೆಯೇ ವಿಚಾರಿಸಿ. ಕುತೂಹಲಕ್ಕಷ್ಟೇ ಆದರೆ ಉಚಿತವಾಗಿ ಸಿಗುವ, ಪದಮೂಲ ತಿಳಿಸುವ ಜಾಲತಾಣ ಎಟಿಮಾನ್‌ಲೈನ್ ಸಾಕು. ಅಲ್ಲಿ ಮೂಲವೂ ಕಾಲವೂ ಚುಟುಕಾಗಿ ಸಿಗುತ್ತವೆ, ಆ ಕಾಲವನ್ನು ನೀವೇ ತಾಳೆ ನೋಡಲು ಬೇಕಾದ ಹಳೆಯ ವಾಕ್ಯಗಳ ಸಾಲು ಮಾತ್ರ ಇರುವುದಿಲ್ಲ.