ಬಹಿರಂಗ ಕ್ಷಮಾಪಣೆ ಬರೆದುಕೊಡುವ ಶಿರಸಿ ಅಂಗಡಿ: ಟೈಪಿಂಗ್ ಚೊಕ್ಕ, ಒಕ್ಕಣೆ ಸಡಿಲ

ಶಿರಸಿ ಕೋರ್ಟ್ ಹತ್ತಿರದ ಈ ಟೈಪಿಂಗ್ ಅಂಗಡಿಗೆ ಹೆಚ್ಚಿನವರು ಬರುವುದು ಬಾಂಡ್, ಅಫಿಡವಿಟ್ ಕೆಲಸಕ್ಕೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರದೋ ಮರ್ಯಾದೆ ತೆಗೆದು, ವಕೀಲರ ನೋಟಿಸು ಬಂದ ಮೇಲೆ ಓಡಿಬರುವವರೂ ಇದ್ದಾರೆ. ಕ್ಷಮಾಪಣೆ ಪ್ರಕಟಣೆ ಬರೆದು, ಪತ್ರಿಕೆಗೂ ಇಲ್ಲಿಂದಲೇ ಕಳಿಸುತ್ತಾರೆ.

ಟೈಪಿಂಗಿಗೆ ಎರಡು ಮಾತಿಲ್ಲ. ಹೆಸರು, ಊರು ಗಟ್ಟಿಯಾಗಿ ಓದಿ ಹೇಳಿಯೇ ಮುಂದುವರಿಯುತ್ತಾರೆ. ನೊಂದವರ ಹೆಸರೇ ತಪ್ಪಾಗಿ ಅಚ್ಚಾದರೆ ಮತ್ತೆ ದುಡ್ಡು ಕೊಟ್ಟು ಹಾಕಿಸಬೇಕಾಗುತ್ತದಲ್ಲ!

ಎಡವುವುದು ಒಕ್ಕಣೆಯಲ್ಲಿ. ಕಂಪ್ಯೂಟರಿನಲ್ಲಿರುವ ಸಿದ್ಧ ಮಾದರಿ ‘ಯಾರಿಗಾದರೂ ಬೇಸರವಾಗಿದ್ದಲ್ಲಿ ವಿಷಾದಿಸುತ್ತೇನೆ’ ಎನ್ನುತ್ತದೆ. ಇದನ್ನು ಎದುರು ಪಾರ್ಟಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಯಾರ ಬಗ್ಗೆ, ಯಾವತ್ತು, ಎಲ್ಲಿ ಹೇಳಿದ್ದು ಎಂಬುದಿರಬೇಕು. ಹೇಳಿದ್ದು ಸುಳ್ಳು, ಹಿಂಪಡೆದಿದ್ದೇನೆ, ಬೇಷರತ್ ಕ್ಷಮೆ ಕೇಳುತ್ತೇನೆ, ಇನ್ನು ಹೇಳುವುದಿಲ್ಲ ಎಂದು ಬರಬೇಕು. ಬೈದ ಮಾತನ್ನು ಮಾತ್ರ ಮತ್ತೆ ಅಚ್ಚು ಹಾಕಿಸಬೇಡಿ. ಗ್ರೂಪಿನಲ್ಲಿ ನೋಡದವರೂ ಪೇಪರಿನಲ್ಲಿ ಓದಿಬಿಡುತ್ತಾರೆ.

ಜಾಹೀರಾತಿನ ದರ ಚದರ ಸೆಂಟಿಮೀಟರ್ ಲೆಕ್ಕ. 8 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರವಾದರೆ 80 ಚದರ ಸೆಂ.ಮೀ. ದುಡ್ಡು ಉಳಿಸಲು ವರ್ಗೀಕೃತ ಜಾಹೀರಾತಿನ ಸಾಲಿಗೆ ತುರುಕಲು ನೋಡುತ್ತಾರೆ, ಬೇಡ ಅನ್ನಿ. 2024ರ ಏಪ್ರಿಲ್‌ನಲ್ಲಿ, ದಾರಿತಪ್ಪಿಸುವ ಔಷಧ ಜಾಹೀರಾತು ಕೊಟ್ಟ ಪತಂಜಲಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದೂ ಇದನ್ನೇ: ಕ್ಷಮಾಪಣೆಯ ಗಾತ್ರ ನಿಮ್ಮ ಜಾಹೀರಾತಿನಷ್ಟೇ ಇದೆಯೇ? ಮಾತು ಹಬ್ಬಿದ್ದು ಅಂಕೋಲಾ, ಕಾರವಾರದಲ್ಲಾದರೆ ಘಟ್ಟದ ಮೇಲಿನವರಷ್ಟೇ ಓದುವ ಪತ್ರಿಕೆಯಿಂದ ಉಪಯೋಗವಿಲ್ಲ. ಅದೇ ವಾಟ್ಸಾಪ್ ಗ್ರೂಪಿಗೂ ಹಾಕಬೇಕು.

ಇನ್ನೊಂದು ಅವಸರ, ಅವತ್ತೇ ಸಂಜೆ ಪತ್ರಿಕೆಗೆ ಕಳಿಸುವುದು. ಕರಡು ಮೊದಲು ಎದುರಿನ ವಕೀಲರಿಗೆ ಹೋಗಿ, ರಾಜಿ ಕರಾರಿಗೆ ಸಹಿ ಬೀಳಬೇಕು. ಇಲ್ಲದಿದ್ದರೆ ಅಚ್ಚಾದ ಕ್ಷಮಾಪಣೆಯನ್ನೇ ತಪ್ಪೊಪ್ಪಿಗೆಯೆಂದು ಕೋರ್ಟಿಗೆ ಹಾಜರುಪಡಿಸಬಹುದು. ‘ಪೇಪರಿನಲ್ಲಿ ಬಂದರೆ ಕೇಸು ಮುಗಿಯಿತು’ ಎಂಬ ಅಂಗಡಿಯ ಭರವಸೆ ನಂಬಬೇಡಿ; ಇದು ಮಾರಿಕಾಂಬೆಗೆ ತಪ್ಪುಕಾಣಿಕೆ ಹಾಕಿ ಕೈಮುಗಿದು ಬಂದಂತಲ್ಲ. ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ 2 ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ ಇದೆ. ರಾಜಿಗೆ ಅವಕಾಶವುಂಟು, ಆದರೆ ಕೇಸು ದಾಖಲಾಗಿದ್ದರೆ ಮಾನ ಕಳೆದುಕೊಂಡವರೇ ಕೋರ್ಟಿನಲ್ಲಿ ರಾಜಿಗೆ ಒಪ್ಪಬೇಕು.

ಅಚ್ಚಾದ ಮೇಲೆ ಅಂಗಡಿಯವರು ಬರೀ ಕತ್ತರಿಸಿದ ತುಣುಕು ಕೊಡುತ್ತಾರೆ. ಪತ್ರಿಕೆಯ ಹೆಸರು, ತಾರೀಕು ಕಾಣುವ ಪೂರ್ತಿ ಪುಟವನ್ನೇ ಕೇಳಿ ಪಡೆಯಿರಿ, ಎರಡು ಪ್ರತಿ.