ಕಚೇರಿಯ ಗೇಟಿನಲ್ಲಿ ಆರೋಗ್ಯ ಸೇತು: ಒಂದು ಬಳಕೆಯ ವಿಮರ್ಶೆ

2020ರ ಲಾಕ್‌ಡೌನ್ ಸಡಿಲಗೊಂಡ ಮೇಲೆ ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಚೇರಿಗೆ ಸಿಬ್ಬಂದಿಯನ್ನು ತಂಡತಂಡವಾಗಿ ಮರಳಿ ಕರೆಸಿಕೊಳ್ಳುವ ಹೊಣೆ ನನ್ನ ಮೇಲಿತ್ತು. ಆ ದಿನಗಳಲ್ಲಿ ಗೇಟ್ ಪಾಸಿನಂತೆ ಬಳಕೆಯಾದ, ಕೋವಿಡ್ ಸೋಂಕಿತರ ಸಂಪರ್ಕ ಪತ್ತೆಗೆಂದು ಕೇಂದ್ರ ಸರ್ಕಾರ ತಂದ ಆರೋಗ್ಯ ಸೇತು ಆ್ಯಪ್ ಆ ಕೆಲಸಕ್ಕೆ ಎಷ್ಟು ಒದಗಿಬಂತು ಎಂಬುದಷ್ಟೇ ಇಲ್ಲಿನ ವಿಚಾರ.

ಏಪ್ರಿಲ್ 2ರಂದು ಬಿಡುಗಡೆಯಾದ ಆ್ಯಪನ್ನು ಕೇಂದ್ರ ಗೃಹ ಸಚಿವಾಲಯವು ಮೇ 1ರ ಆದೇಶದಲ್ಲಿ ಸರ್ಕಾರಿ, ಖಾಸಗಿ ನೌಕರರೆಲ್ಲರಿಗೂ ಕಡ್ಡಾಯಗೊಳಿಸಿತು. ಮೇ 17ರ ಹೊತ್ತಿಗೆ ಆ ಬಿಗಿ ಸಡಿಲವಾಗಿ, ಮಾಲೀಕರು ಸಾಧ್ಯವಾದಷ್ಟು ಪ್ರಯತ್ನಿಸಬೇಕು ಎಂಬಲ್ಲಿಗೆ ಬಂದು ನಿಂತಿತು. ಆದರೂ ಬಹುತೇಕ ಕಚೇರಿಗಳ ಕಾವಲುಗಾರರು ಸೋಂಕಿನ ಅಪಾಯ ಕಡಿಮೆ ಎಂದು ಸೂಚಿಸುವ ಆ್ಯಪಿನ ಹಸಿರು ಪರದೆ ಕಾಣದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಬಳಕೆ ಸುಲಭವಾಗಿತ್ತು, ಕನ್ನಡವೂ ಇತ್ತು. ಕೆಮ್ಮು, ಜ್ವರ, ಉಸಿರಾಟದ ತೊಂದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸೋಂಕಿತರ ಸಂಪರ್ಕ ಇತ್ಯಾದಿ ಕುರಿತ ಪ್ರಶ್ನೆಗಳು ಚಿಕ್ಕವಾಗಿ, ಯಾರಿಗೂ ಅರ್ಥವಾಗುವಂತಿದ್ದವು. ತೊಡಕಿದ್ದದ್ದು ಉತ್ತರದಲ್ಲಿ. ಹಸಿರು ಬಣ್ಣವು ನಿಂತಿದ್ದದ್ದು ಬಳಕೆದಾರರು ತಾವೇ ಕೊಟ್ಟ ಮಾಹಿತಿ ಮತ್ತು ಬ್ಲೂಟೂತ್ ದಾಖಲಿಸಿದ, ಇತರ ಬಳಕೆದಾರರ ಸಾಮೀಪ್ಯದ ಮೇಲೆ. ನಡುವೆ ತೆಳು ಗೋಡೆಯಿತ್ತೇ, ಮಾಸ್ಕ್ ಇತ್ತೇ, ಕಿಟಕಿ ತೆರೆದಿತ್ತೇ ಎಂಬುದು ಆ್ಯಪಿಗೆ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಮೊದಲ ವಾರಗಳಲ್ಲಿ ಜ್ವರವೆಂದವರ ರಜೆಯನ್ನು ಅವರ ಖಾತೆಯಿಂದಲೇ ಕಳೆಯುತ್ತಿದ್ದೆವು, ಹಾಗಾಗಿ ಎಲ್ಲರ ಪರದೆಯೂ ದಿನವೂ ಹಸಿರಾಗಿತ್ತು. (ಆ ನಿಯಮವನ್ನು ಬರೆದವನು ನಾನೇ.) ಸಂಬಳ ಕಡಿತವಿಲ್ಲದ ಪ್ರತ್ಯೇಕ ರಜೆ ಕೊಟ್ಟ ಮೇಲೆ, ಮೈಕೈ ನೋವೆಂದು ಹಿಂದಿನ ರಾತ್ರಿಯೇ ಫೋನ್ ಮಾಡಿ ತಿಳಿಸುವವರು ಕಾಣಿಸಿಕೊಂಡರು. ಆ್ಯಪ್ ಮಾತ್ರ ಎರಡೂ ಕಾಲದಲ್ಲಿ ಅದೇ ಆ್ಯಪ್ ಆಗಿತ್ತು.

ಮೆಚ್ಚಬೇಕಾದ ಅಂಶವೊಂದಿತ್ತು. ಕಸ ಗುಡಿಸುವವರು, ಕಾವಲುಗಾರರು ಹಲವರ ಬಳಿ ಇದ್ದದ್ದು ಕೀಪ್ಯಾಡ್ ಫೋನ್. ಅಂಥವರು 1921ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕರೆ ತಿರುಗಿ ಬಂದು ಅವೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿತ್ತು. ಸ್ಮಾರ್ಟ್‌ಫೋನ್ ಇಲ್ಲವೆಂಬ ಕಾರಣಕ್ಕೆ ದಿನಗೂಲಿ ತಪ್ಪಿಸುವುದು ಎಷ್ಟು ಅನ್ಯಾಯವೆಂದು ಬಲ್ಲವರಿಗೆ ಇದು ಸಣ್ಣ ಸೌಲಭ್ಯವೆನಿಸದು.

ಐವತ್ತಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಅವರ ಒಪ್ಪಿಗೆ ಪಡೆದು ಆರೋಗ್ಯ ಸ್ಥಿತಿಯನ್ನು ನೇರವಾಗಿ ತಿಳಿಯಬಹುದಾದ ಸೇವೆ ಆಗಸ್ಟ್‌ನಲ್ಲಿ ಬಂತು. ನಾವು ಅದನ್ನು ಬಳಸಲಿಲ್ಲ, ಅದಕ್ಕೆ ವಿಷಾದವೂ ಇಲ್ಲ. ಮೇಲಧಿಕಾರಿ ಕೇಳಿದಾಗ ಕೊಡುವ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಅಲ್ಲಿ ಉಳಿದೇ ಇತ್ತು. ತಿಳಿವಳಿಕೆಯ ಸಮ್ಮತಿಯಿಲ್ಲದೆ ಬಳಕೆದಾರರ ಮಾಹಿತಿಯನ್ನು ಹಂಚಿಕೊಳ್ಳದಂತೆ 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕೇಂದ್ರ ಸರ್ಕಾರಕ್ಕೆ ಮಧ್ಯಂತರ ಆದೇಶ ನೀಡಿದಾಗ ನನ್ನ ಅಳುಕಿಗೆ ಆಧಾರವಿತ್ತೆನಿಸಿತು.

ಗೇಟ್ ಪಾಸ್ ಎಂಬ ನೆಲೆಯಲ್ಲಿ ಐದಕ್ಕೆ ಎರಡೂವರೆ ಅಂಕ: ಒಂದೂವರೆ ಪ್ರಶ್ನಾವಳಿಗೆ, ಒಂದು 1921ಕ್ಕೆ.