ಮಕ್ಕಳ ಸಂಗೀತ ನಾಟಕಕ್ಕೆ ಆಡಿಷನ್: ಒಬ್ಬೊಬ್ರನ್ನೇ ಕರೀಬೇಕಾ, ಗುಂಪಲ್ಲಾ, ವಾಟ್ಸಾಪ್ ವಿಡಿಯೋನಾ?

ಟೈಮು, ಖರ್ಚು ನೋಡಿದ್ರೆ ವಿಡಿಯೋನೇ ಸಲೀಸು, ಮಂಡ್ಯ ಕಡೆಯವ್ರು ಮಗೂನ ಕರ್ಕೊಂಡು ಮೈಸೂರಿಗೆ ಬರೋದು ತಪ್ಪುತ್ತೆ. ಆದ್ರೆ ಮನೇಲಿ ಹತ್ತು ಸಲ ಹಾಡ್ಸಿ ಚೆನ್ನಾಗಿ ಬಂದಿದ್ದನ್ನೇ ಕಳಿಸ್ತಾರೆ, ಧ್ವನಿ ಕೊನೇ ಸಾಲಿಗೆ ಮುಟ್ಟುತ್ತಾ ಅಂತ ಫೋನಲ್ಲಿ ಗೊತ್ತೇ ಆಗಲ್ಲ. ಅರ್ಜಿ ರಾಶಿ ಬಿದ್ದು ಹಾಲ್ ಒಂದೇ ದಿನ ಸಿಕ್ಕಿದ್ರೆ ಮೊದಲ ಸುತ್ತಿಗೆ ಸಾಕು.

ಸೋಲೋ ಹಾಡೋ ಪಾತ್ರ ಇದ್ರೆ ಒಬ್ಬೊಬ್ರನ್ನೇ ಕೇಳ್ಲೇಬೇಕು. ಹಾರ್ಮೋನಿಯಂನಲ್ಲಿ ಒಂದು ಸ್ವರ ಕೊಟ್ಟು ಹಿಡೀತಾರಾ ನೋಡಿ, ಆಮೇಲೆ ಅದೇ ಸಾಲನ್ನ ಒಂದೊಂದೇ ಮನೆ (ಹಾರ್ಮೋನಿಯಂ ಕೀ) ಮೇಲೇರಿಸಿ ಹಾಡ್ಸಿ, ಗದ್ದ ಮೇಲೆತ್ತಿ ಕತ್ತಿನ ನರ ಉಬ್ಬಿದ್ರೆ ಆ ಎತ್ತರ ಆ ಮಗೂಗೆ ಬೇಡ, 13-14ರ ಹುಡುಗರಿಗಂತೂ ಗಂಟಲು ಒಡೀತಿರುತ್ತೆ, ದಯವಿಟ್ಟು ಬಲವಂತ ಮಾಡ್ಬೇಡಿ. ಇದ್ರಲ್ಲಿ ತೊಂದ್ರೆ ಅಂದ್ರೆ ನಾಚ್ಕೊಳ್ಳೋ ಮಕ್ಕಳು ಟೇಬಲ್ ಮುಂದೆ ಬಾಯೇ ಬಿಡಲ್ಲ, ಟೈಮೂ ಜಾಸ್ತಿ ತಿನ್ನುತ್ತೆ.

ಅಂಥ ಮಕ್ಕಳಿಗೆ, ಮೇಳದ ಹಾಡುಗಳಿಗೆ ಗುಂಪೇ ಸರಿ. ಐದಾರು ಜನರನ್ನ ನಿಲ್ಸಿ, ಹೆಜ್ಜೆ ಹಾಕ್ತಾ ಹಾಡ್ಸಿ, ತಾಳ ತಪ್ಪುತ್ತಾ, ಪಕ್ಕದವ್ರನ್ನ ಕೇಳಿಸ್ಕೊಳ್ತಾರಾ ಎಲ್ಲ ಕಾಣುತ್ತೆ. ಮೆತ್ತಗಿನ ಧ್ವನಿ ಮಾತ್ರ ಮುಚ್ಚೋಗುತ್ತೆ, ಹತ್ರ ಹೋಗಿ ಕಿವಿ ಕೊಡಿ. ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರ ನಡೆಸ್ತಿದ್ದು ಎಲ್ಲರಿಗೂ ಪಾತ್ರ ಕೊಡೋ ಮನಸ್ಸಿದ್ರೆ, ಯಾರನ್ನೂ ವಾಪಸ್ ಕಳಿಸ್ದೆ ಗುಂಪಲ್ಲೇ ಧ್ವನಿ ನೋಡಿ ಹಾಡು ಹಂಚಿ.